ರೊಮೇನಿಯ: ಭೂವಿವರಣೆ ಮತ್ತು ಆಡಳಿತ ವಿಭಾಗಗಳು

ಆಗ್ನೇಯ ಯೂರೋಪಿನ ಒಂದು ಗಣರಾಜ್ಯ. ವಿಸ್ತೀರ್ಣ ಸುಮಾರು 2,38,400 ಚ.ಕಿಮೀ. 2021ರ ಜನಗಣತಿಯಂತೆ ಜನಸಂಖ್ಯೆ 1,90,53,815. ರಾಜಧಾನಿ ಬುಕಾರೆಸ್ಟ್. ಉತ್ತರದಲ್ಲಿ ಯುಕ್ರೇನ್, ಪೂರ್ವದಲ್ಲಿ ಮಾಲ್ಡೋವ ಗಣರಾಜ್ಯ, ದಕ್ಷಿಣದಲ್ಲಿ ಬಲ್ಗೇರಿಯ, ನೈಋತ್ಯದಲ್ಲಿ ಸರ್ಬಿಯ, ಪಶ್ಚಿಮದಲ್ಲಿ ಹಂಗೇರಿ ಇದನ್ನು ಸುತ್ತುವರಿದಿವೆ. ಆಗ್ನೇಯದಲ್ಲಿ ಸುಮಾರು 245 ಕಿಮೀ ಉದ್ದದ ಕಪ್ಪು ಸಮುದ್ರದ ಕರಾವಳಿಯಿದೆ. 45 ಡಿಗ್ರಿ ಉತ್ತರ ಅಕ್ಷಾಂಶ ರೇಖೆ ದೇಶದ ದಕ್ಷಿಣಾರ್ಧವನ್ನು ಹಾದುಹೋಗುತ್ತದೆ. ಅಂದರೆ ಈ ನಾಡು ಸಮಭಾಜಕಕ್ಕೂ ಉತ್ತರ ಧ್ರುವಕ್ಕೂ ಹೆಚ್ಚುಕಡಿಮೆ ಸರಿನಡುವೆ ಇದೆ. 2007ರ ಜನವರಿ 1ರಿಂದ ಯೂರೋಪಿಯನ್ ಒಕ್ಕೂಟದ ಸದಸ್ಯ ರಾಷ್ಟ್ರ.

ರೊಮೇನಿಯವನ್ನು ಮೂರು ಬಗೆಯ ವಿಭಾಗಗಳ ಮೂಲಕ ಪರಿಚಯಿಸಿಕೊಳ್ಳುವುದು ವಾಡಿಕೆ. ಬೆಟ್ಟ, ಗುಡ್ಡ, ಬಯಲು ಎಂಬುದು ಪ್ರಕೃತಿ ಮಾಡಿದ ವಿಭಾಗ. ಟ್ರಾನ್ಸಿಲ್ವೇನಿಯ, ಮಾಲ್ಡೇವಿಯ, ವಲೇಕಿಯ ಎಂಬುವು ಚರಿತ್ರೆ ಬಿಟ್ಟುಹೋದ ಪ್ರಾಂತಗಳು. 41 ಜಿಲ್ಲೆಗಳು ಮತ್ತು ರಾಜಧಾನಿ ಎಂಬುದು ಇಂದಿನ ಕಾನೂನು ಒಪ್ಪುವ ವಿಭಾಗ. ಇವುಗಳ ಗಡಿಗಳು ಎಲ್ಲೆಡೆ ಒಂದಕ್ಕೊಂದು ಹೊಂದುವುದಿಲ್ಲ.

ಮೇಲ್ಮೈ ಲಕ್ಷಣ

ದೇಶದ ನೆಲವನ್ನು ಸ್ಥೂಲವಾಗಿ ಮೂರು ಸಮಪಾಲು ಮಾಡಬಹುದು: ಒಂದು ಪಾಲು ಪರ್ವತ, ಒಂದು ಪಾಲು ಗುಡ್ಡ ಮತ್ತು ಪ್ರಸ್ಥಭೂಮಿ, ಇನ್ನೊಂದು ಪಾಲು ಬಯಲು. ಈ ಮೂರೂ ನಡುವಿನಿಂದ ಹೊರಕ್ಕೆ ಬಳೆಗಳಂತೆ ಜೋಡಣೆಗೊಂಡಿವೆ. ಮಧ್ಯದಲ್ಲಿ ಟ್ರಾನ್ಸಿಲ್ವೇನಿಯದ ಪ್ರಸ್ಥಭೂಮಿ, ಅದನ್ನು ಬಳಸಿ ಕಾರ್ಪೇಥಿಯನ್ ಪರ್ವತಗಳು, ಅವುಗಳ ಹೊರ ಅಂಚಿನಲ್ಲಿ ತಪ್ಪಲಿನ ಗುಡ್ಡಗಳು, ಕೊನೆಗೆ ಗಡಿಯ ನದಿಗಳವರೆಗೆ ಹರಡಿದ ಬಯಲು.

ಕಾರ್ಪೇಥಿಯನ್ ಪರ್ವತಗಳನ್ನು ಇಲ್ಲಿ ಮೂರು ಭಾಗಗಳಾಗಿ ಗುರುತಿಸುತ್ತಾರೆ. ಪೂರ್ವ ಕಾರ್ಪೇಥಿಯನ್ ಶ್ರೇಣಿ ಯುಕ್ರೇನ್ ಗಡಿಯಿಂದ ಆಗ್ನೇಯಕ್ಕೆ ಇಳಿಯುತ್ತದೆ. ಇದರ ಅತ್ಯುನ್ನತ ಶಿಖರ ಪಿಯೆತ್ರೋಸುಲ್ ರೊದ್ನೆಯ್ (2,303 ಮೀ). ಈ ಶ್ರೇಣಿಯ ಪಶ್ಚಿಮದ ಅಂಚಿನಲ್ಲಿ ಆರಿದ ಜ್ವಾಲಾಮುಖಿಗಳ ಸಾಲೊಂದಿದೆ. ಹರ್ಗಿತ ಜಿಲ್ಲೆಯ ಸಂತ ಆ್ಯನಾ ಸರೋವರ ಅಂಥ ಒಂದು ಜ್ವಾಲಾಮುಖಿಯ ಬಾಯಲ್ಲಿ ನಿಂತ ನೀರು. ನದಿಯೊಂದೂ ಬಂದು ಸೇರದ ಈ ಕೊಳವನ್ನು ತುಂಬಿಸುವುದು ಮಳೆ ಮತ್ತು ಹಿಮ.

ಪ್ರಹೋವ ಕಣಿವೆಯಿಂದ ಪಶ್ಚಿಮಕ್ಕೆ ಚಾಚಿರುವುದು ದಕ್ಷಿಣ ಕಾರ್ಪೇಥಿಯನ್ ಶ್ರೇಣಿ. ಗಟ್ಟಿ ಸ್ಫಟಿಕ ಶಿಲೆಗಳ ಈ ಗೋಡೆಯಲ್ಲೇ ದೇಶದ ಅತಿ ಎತ್ತರದ ಶಿಖರಗಳಿವೆ: ಫಗರಾಶ್ ಬೆಟ್ಟಸಾಲಿನ ಮೊಲ್ದೊವ್ಯಾನು (2,544 ಮೀ) ಮತ್ತು ನೆಗೋಯು (2,535 ಮೀ). ಹಿಮಯುಗದಲ್ಲಿ ಹಿಮನದಿಗಳು ಕೊರೆದ ಬೋಗುಣಿಗಳಲ್ಲಿ ಇಂದು ಸಣ್ಣ ಸರೋವರಗಳು ನಿಂತಿವೆ. ಅವುಗಳಲ್ಲೊಂದಾದ ಬಿಲ್ಯ ಸರೋವರದ ದಡಕ್ಕೆ, 2,000 ಮೀಟರ್‌ಗೂ ಹೆಚ್ಚಿನ ಎತ್ತರಕ್ಕೆ, ತಿರುವು ತಿರುವಾಗಿ ಹತ್ತುವ ಟ್ರಾನ್ಸ್‌ಫಗರಾಶನ್ ರಸ್ತೆ 1970 ಮತ್ತು 1974ರ ನಡುವೆ ನಿರ್ಮಾಣವಾಯಿತು. ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚುವ ಈ ರಸ್ತೆ ಬೇಸಗೆಯ ಕೆಲವು ತಿಂಗಳು ಮಾತ್ರ ತೆರೆದಿರುತ್ತದೆ. ಶ್ರೇಣಿಯ ಪಶ್ಚಿಮ ಭಾಗದ ರೆತೆಜಾತ್ ಬೆಟ್ಟಗಳಲ್ಲಿ 1935ರಲ್ಲಿ ದೇಶದ ಮೊದಲ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು.

ಪಶ್ಚಿಮ ಕಾರ್ಪೇಥಿಯನ್ ಇವೆರಡಕ್ಕಿಂತ ತಗ್ಗು. ಇದರ ಮುಖ್ಯ ಭಾಗವಾದ ಅಪುಸೇನಿ ಬೆಟ್ಟಗಳು ಎಲ್ಲಿಯೂ 1,850 ಮೀಟರ್ ಮುಟ್ಟುವುದಿಲ್ಲ. ಸುಣ್ಣಕಲ್ಲಿನ ನೆಲವಾದ್ದರಿಂದ ನೀರು ಒಳಗಿಳಿದು ಗುಹೆಗಳನ್ನು ಕೊರೆದಿದೆ. ಸ್ಕರಿಶ್ವಾರ ಎಂಬ ಗುಹೆಯೊಳಗೆ ಸಾವಿರಾರು ವರ್ಷಗಳಷ್ಟು ಹಳೆಯ ಮಂಜುಗಡ್ಡೆ ಬೇಸಗೆಯಲ್ಲೂ ಕರಗದೆ ಉಳಿದಿದೆ. ಇದೇ ಬೆಟ್ಟಗಳಲ್ಲಿ ರೋಮನ್ನರು ಚಿನ್ನ ತೆಗೆದರು. ಅವರು ತೋಡಿದ ಸುರಂಗಗಳಿರುವ ರೊಶಿಯ ಮೊಂತಾನ 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಕಾರ್ಪೇಥಿಯನ್ ಪರ್ವತಗಳು ಎತ್ತರವಾಗಿದ್ದರೂ ದಾಟಲಾಗದ ತಡೆಯಲ್ಲ. ಒಲ್ತ್ ಮತ್ತು ಜಿಯು ನದಿಗಳು ದಕ್ಷಿಣದ ಗೋಡೆಯನ್ನು ಅಡ್ಡಲಾಗಿ ಸೀಳಿಕೊಂಡು ಹರಿಯುತ್ತವೆ. ಬ್ರಾನ್, ಪ್ರೆದ್ಯಾಲ್ ಮೊದಲಾದ ಘಟ್ಟದ ದಾರಿಗಳಲ್ಲಿ ಮಧ್ಯಯುಗದಿಂದಲೂ ವ್ಯಾಪಾರಿಗಳ ಗಾಡಿಗಳು ಓಡಾಡಿದವು. ಬ್ರಾನ್ ಕೋಟೆ ಕಟ್ಟಿದ್ದು ಆ ದಾರಿಯ ಕಾವಲಿಗೆ ಮತ್ತು ಸುಂಕ ವಸೂಲಿಗೆ. ಡ್ರಾಕುಲನ ಕಥೆಯೊಂದಿಗೆ ಅದು ತಳುಕು ಹಾಕಿಕೊಂಡಿದ್ದು ಬಹಳ ಈಚೆಗೆ.

ಪರ್ವತದ ಬಳೆಯೊಳಗಿನ ಟ್ರಾನ್ಸಿಲ್ವೇನಿಯ ಪ್ರಸ್ಥಭೂಮಿ ಹಿಂದೆ ಸಮುದ್ರದ ತಳವಾಗಿತ್ತು. ಆ ಸಮುದ್ರ ಬತ್ತಿದಾಗ ಉಳಿದ ಉಪ್ಪು ನೆಲದಡಿ ದಪ್ಪ ಪದರಗಳಾಗಿದೆ. ತುರ್ದ, ಪ್ರಾಯಿದ್ ಮುಂತಾದ ಊರುಗಳ ಉಪ್ಪಿನ ಗಣಿಗಳು ಇದರ ಫಲ. 20ನೆಯ ಶತಮಾನದ ಆರಂಭದಲ್ಲಿ ಇಲ್ಲಿ ನೈಸರ್ಗಿಕ ಅನಿಲವೂ ಸಿಕ್ಕಿತು. ಬಳೆಯ ಹೊರಗೆ ಪೂರ್ವಕ್ಕೆ ಮಾಲ್ಡೇವಿಯದ ಪ್ರಸ್ಥಭೂಮಿ ಪ್ರುತ್ ನದಿಯವರೆಗೆ ಇಳಿಜಾರಾಗಿದೆ. ದಕ್ಷಿಣದಲ್ಲಿ ಡ್ಯಾನ್ಯೂಬಿನವರೆಗೆ ಹಬ್ಬಿರುವ ಬಯಲು ದೇಶದ ಕಣಜ. ಅದರ ಪೂರ್ವ ಭಾಗವಾದ ಬರಗಾನ್ ಮರಗಳೇ ವಿರಳವಾದ ಕಪ್ಪು ಮಣ್ಣಿನ ಸೀಮೆ. ಗೋಧಿ, ಮೆಕ್ಕೆಜೋಳ, ಸೂರ್ಯಕಾಂತಿ ಇಲ್ಲಿಯ ಮುಖ್ಯ ಬೆಳೆಗಳು. ಪಶ್ಚಿಮದ ಗಡಿಯುದ್ದಕ್ಕೂ ಇರುವ ಬಯಲು ಹಂಗೇರಿಯ ಮಹಾಬಯಲಿನ ಅಂಚು.

ಡ್ಯಾನ್ಯೂಬ್ ಮತ್ತು ಸಮುದ್ರದ ನಡುವಿನ ದೊಬ್ರೋಜ ಪ್ರದೇಶದ ನೆಲದ ಬಗೆಯೇ ಬೇರೆ. ಇಲ್ಲಿಯ ಮಚಿನ್ ಬೆಟ್ಟಗಳು ಕಾರ್ಪೇಥಿಯನ್ ಹುಟ್ಟುವುದಕ್ಕೆ ಎಷ್ಟೋ ಮೊದಲಿನವು. ಸವೆದು ಸವೆದು ಇಂದು ಅವುಗಳ ಎತ್ತರ 500 ಮೀಟರ್ ಕೂಡ ಇಲ್ಲ.

ಭೂಕಂಪ ವಲಯ. ಪೂರ್ವ ಮತ್ತು ದಕ್ಷಿಣ ಕಾರ್ಪೇಥಿಯನ್ ಶ್ರೇಣಿಗಳು ತಿರುಗುವ ಮೂಲೆಯಲ್ಲಿರುವ ವ್ರಾಂಚ ಪ್ರದೇಶ ಯೂರೋಪಿನ ಪ್ರಬಲ ಭೂಕಂಪ ವಲಯಗಳಲ್ಲೊಂದು. ಇಲ್ಲಿಯ ದೊಡ್ಡ ಕಂಪನಗಳು ನೆಲದಿಂದ ಬಹಳ ಆಳದಲ್ಲಿ ಹುಟ್ಟುವುದರಿಂದ ಅವುಗಳ ಹೊಡೆತ ದೂರದವರೆಗೆ ತಲುಪುತ್ತದೆ. 1977ರ ಮಾರ್ಚ್ 4ರ ರಾತ್ರಿಯ ಭೂಕಂಪದಲ್ಲಿ 1,500ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಜನ ವ್ರಾಂಚದವರಲ್ಲ, ದಕ್ಷಿಣದ ಬಯಲಿನಲ್ಲಿರುವ ಬುಕಾರೆಸ್ಟಿನವರು.

ನದಿಗಳು

ದೇಶದ ಹೆಚ್ಚುಕಡಿಮೆ ಎಲ್ಲ ನೀರೂ ಕೊನೆಗೆ ಡ್ಯಾನ್ಯೂಬ್ ಸೇರುತ್ತದೆ. ದೊಬ್ರೋಜದ ಕೆಲವು ಪುಟ್ಟ ಹಳ್ಳಗಳು ಮಾತ್ರ ನೇರವಾಗಿ ಕಪ್ಪು ಸಮುದ್ರದ ಕಡೆಗೆ ಹರಿಯುತ್ತವೆ. ಕಾರ್ಪೇಥಿಯನ್ ಬಳೆಯಿಂದ ನದಿಗಳು ಎಲ್ಲ ದಿಕ್ಕಿಗೂ ಇಳಿಯುತ್ತವೆ: ಪಶ್ಚಿಮಕ್ಕೆ ಸೊಮೆಶ್, ಕ್ರಿಶ್, ಮುರೆಶ್, ತಿಮಿಶ್, ದಕ್ಷಿಣಕ್ಕೆ ಜಿಯು, ಒಲ್ತ್, ಅರ್ಜೆಶ್, ಪೂರ್ವದಲ್ಲಿ ಸಿರೆತ್ ಮತ್ತು ಪ್ರುತ್. ಮಾಲ್ಡೋವ ಗಣರಾಜ್ಯದೊಡನೆ ಗಡಿಯಾಗಿರುವುದು ಪ್ರುತ್.

ಮುರೆಶ್ ಮತ್ತು ಒಲ್ತ್ ನದಿಗಳ ಉಗಮ ಗಮನಾರ್ಹ. ಎರಡೂ ಹುಟ್ಟುವುದು ಹರ್ಗಿತ ಜಿಲ್ಲೆಯಲ್ಲಿ, ಒಂದಕ್ಕೊಂದು ಕೆಲವೇ ಕಿಲೋಮೀಟರ್ ದೂರದಲ್ಲಿ. ಮುರೆಶ್ ಮೊದಲು ಉತ್ತರಕ್ಕೆ ಸಾಗಿ ಪಶ್ಚಿಮಕ್ಕೆ ತಿರುಗುತ್ತದೆ; ಟ್ರಾನ್ಸಿಲ್ವೇನಿಯವನ್ನು ಪೂರ್ತಿ ದಾಟಿ ಹಂಗೇರಿಯ ಸೆಗೆದ್ ನಗರದ ಬಳಿ ತಿಸ ನದಿಯನ್ನು ಕೂಡುತ್ತದೆ. ಒಲ್ತ್ ದಕ್ಷಿಣಕ್ಕಿಳಿದು, ಫಗರಾಶ್ ಬೆಟ್ಟಗಳ ಬುಡದಲ್ಲಿ ಪಶ್ಚಿಮಕ್ಕೆ ಹರಿದು, ತುರ್ನು ರೊಶು ಕೊಳ್ಳದಲ್ಲಿ ಪರ್ವತವನ್ನು ಸೀಳಿ ನೇರ ಡ್ಯಾನ್ಯೂಬಿಗೆ ಹೋಗುತ್ತದೆ. ಒಟ್ಟಿಗೆ ಹೊರಟು ದಾರಿಯಲ್ಲಿ ಮುನಿಸಿಕೊಂಡು ಬೇರೆಯಾದ ಒಡಹುಟ್ಟಿದವರೆಂದು ಇವುಗಳ ಬಗ್ಗೆ ಜನಪದ ಕಥೆಯಿದೆ. ಎರಡೂ ನದಿಗಳ ಹೆಸರಿನಲ್ಲಿ ಒಂದೊಂದು ಜಿಲ್ಲೆ ಇದೆ. ಆದರೆ ಒಲ್ತ್ ಜಿಲ್ಲೆ ಇರುವುದು ನದಿಯ ಉಗಮದಲ್ಲಲ್ಲ, ಅದರ ಕೆಳದಂಡೆಯಲ್ಲಿ.

ಡ್ಯಾನ್ಯೂಬ್ ರೊಮೇನಿಯದ ಗಡಿಯಲ್ಲೂ ಒಳಗೂ ಸೇರಿ ಸುಮಾರು 1,075 ಕಿಮೀ ಹರಿಯುತ್ತದೆ. ನೈಋತ್ಯದಲ್ಲಿ ಬಜಿಯಾಶ್ ಎಂಬಲ್ಲಿ ದೇಶವನ್ನು ಮುಟ್ಟಿದ ನದಿ ತಕ್ಷಣವೇ ಇಕ್ಕಟ್ಟಾದ ಕೊಳ್ಳವನ್ನು ಹೊಗುತ್ತದೆ. ಕಬ್ಬಿಣದ ಬಾಗಿಲು ಎಂದು ಹೆಸರಾದ ಈ ಕೊಳ್ಳದ ಕೆಲವು ಕಡೆ ನದಿಯ ಅಗಲ ಸುಮಾರು 150 ಮೀಟರಿಗೆ ಕುಗ್ಗುತ್ತದೆ. ರೊಮೇನಿಯ ಮತ್ತು ಅಂದಿನ ಯುಗೋಸ್ಲಾವಿಯ ಜಂಟಿಯಾಗಿ ಕಟ್ಟಿದ ಅಣೆಕಟ್ಟು ಮತ್ತು ಜಲವಿದ್ಯುತ್ ಕೇಂದ್ರ 1972ರಲ್ಲಿ ಇಲ್ಲಿ ಆರಂಭವಾಯಿತು. ಹಡಗುಗಳಿಗೆ ಗಂಡಾಂತರವಾಗಿದ್ದ ಬಂಡೆಗಳೂ ಸುಳಿಗಳೂ ಜಲಾಶಯದ ಅಡಿಗೆ ಹೋದವು. ಅವುಗಳ ಜೊತೆಗೇ ಒರ್ಶೊವ ಪಟ್ಟಣದ ಹಳೆಯ ಭಾಗವೂ ತುರ್ಕಿ ಜನರ ನೆಲೆಯಾಗಿದ್ದ ಅದಾ ಕಾಲೆ ಎಂಬ ನಡುಗಡ್ಡೆಯೂ ಮುಳುಗಿದವು.

ಅಲ್ಲಿಂದ ಮುಂದೆ ಡ್ಯಾನ್ಯೂಬ್ ಬಲ್ಗೇರಿಯದೊಡನೆ ಗಡಿಯಾಗಿ ಪೂರ್ವಕ್ಕೆ ಸಾಗುತ್ತದೆ. ಈ ಉದ್ದನೆಯ ಗಡಿಯಲ್ಲಿ ನದಿಗೆ ಇರುವ ಸೇತುವೆಗಳು ಎರಡೇ: 1954ರಲ್ಲಿ ತೆರೆದ ಜುರ್ಜು–ರೂಸೆ ಸೇತುವೆ ಮತ್ತು 2013ರಲ್ಲಿ ತೆರೆದ ಕಲಫಾತ್–ವಿದಿನ್ ಸೇತುವೆ. ಕಲರಾಶ್ ಬಳಿ ಸಮುದ್ರ ಇನ್ನೇನು ಹತ್ತಿರವಾಯಿತು ಎನ್ನುವಾಗ ದೊಬ್ರೋಜದ ಎತ್ತರದ ನೆಲ ಅಡ್ಡ ಬಂದು ನದಿ ಉತ್ತರಕ್ಕೆ ತಿರುಗುತ್ತದೆ. ಗಲಾತ್ಸ್ ಬಳಿ ಮತ್ತೆ ಪೂರ್ವಕ್ಕೆ ಹೊರಳುತ್ತದೆ. ಈ ಬಳಸು ದಾರಿಯನ್ನು ತಪ್ಪಿಸಲು ಚೆರ್ನವೊದದಿಂದ ಸಮುದ್ರಕ್ಕೆ 64 ಕಿಮೀ ಉದ್ದದ ಕಾಲುವೆ ತೋಡಲಾಯಿತು. 1984ರಲ್ಲಿ ತೆರೆದ ಈ ಕಾಲುವೆಯಿಂದ ಹಡಗುಗಳ ಪಯಣ ಸುಮಾರು 400 ಕಿಮೀ ಕಡಿಮೆಯಾಯಿತು. ಕಾಲುವೆ ತೋಡುವ ಮೊದಲ ಯತ್ನ ನಡೆದದ್ದು 1949–53ರಲ್ಲಿ, ರಾಜಕೀಯ ಕೈದಿಗಳ ದುಡಿಮೆಯಿಂದ. ಅನೇಕರ ಪ್ರಾಣ ತೆಗೆದ ಆ ಕೆಲಸ ಅರ್ಧಕ್ಕೇ ನಿಂತಿತ್ತು.

ಡ್ಯಾನ್ಯೂಬ್ ಮುಖಜ ಭೂಮಿ. ತುಲ್ಚ ನಗರದ ಆಸುಪಾಸಿನಲ್ಲಿ ನದಿ ಚಿಲಿಯ, ಸುಲಿನ, ಸಂತ ಜಾರ್ಜ್ ಎಂಬ ಮೂರು ಕವಲಾಗುತ್ತದೆ. ಹೆಚ್ಚು ನೀರು ಹರಿಯುವುದು ಯುಕ್ರೇನ್ ಗಡಿಯ ಚಿಲಿಯ ಕವಲಿನಲ್ಲಿ. ನಡುವಿನ ಸುಲಿನ ಕವಲನ್ನು 19ನೆಯ ಶತಮಾನದಲ್ಲಿ ಡ್ಯಾನ್ಯೂಬಿನ ಯೂರೋಪಿಯನ್ ಆಯೋಗ ಅಂಕುಡೊಂಕು ಕಳೆದು ನೇರ ಮಾಡಿ ಆಳಗೊಳಿಸಿತು. ಅಂದಿನಿಂದ ಹಡಗುಗಳ ದಾರಿ ಅದೇ. ಉಳಿದುದೆಲ್ಲ ಜೊಂಡು, ಕೆಸರು, ಕೆರೆ, ಮರಳ ದಿಬ್ಬಗಳ ಲೋಕ. 300ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ಇಲ್ಲಿ ಕಾಣಸಿಗುತ್ತವೆ. ಬಿಳಿ ಪೆಲಿಕನ್‌ಗಳ ದೊಡ್ಡ ಸಂಸಾರವಿದೆ. ಜೊಂಡಿನ ಹೊದಿಕೆಯ ಮನೆಗಳಲ್ಲಿ ಮೀನುಗಾರಿಕೆಯಿಂದ ಬದುಕುವ ಲಿಪೊವನರು ರಷ್ಯದ ಹಳೆಯ ಧಾರ್ಮಿಕ ಪಂಥವೊಂದರವರು; ಅಲ್ಲಿಯ ಕಿರುಕುಳ ತಾಳದೆ ಬಂದು ನೆಲೆಸಿದವರ ಪೀಳಿಗೆ. ಕವಲಿನ ತುದಿಯ ಸುಲಿನ ಪಟ್ಟಣಕ್ಕೆ ರಸ್ತೆಯಿಲ್ಲ. ತುಲ್ಚದಿಂದ ದೋಣಿಯಲ್ಲೇ ಹೋಗಬೇಕು. ನದಿ ಹೊತ್ತು ತರುವ ಹೂಳಿನಿಂದ ಬೆಳೆಯುತ್ತಿರುವ ಈ ಭೂಮಿ ದೇಶದ ಅತ್ಯಂತ ಎಳೆಯ ನೆಲ. 1991ರಲ್ಲಿ ಇದು ವಿಶ್ವ ಪರಂಪರೆಯ ತಾಣವಾಯಿತು.

ವಾಯುಗುಣ, ಕಾಡು, ಖನಿಜ

ವಾಯುಗುಣ ಖಂಡಾಂತರ ಬಗೆಯ ಸಮಶೀತೋಷ್ಣ. ಬೇಸಗೆಯಲ್ಲಿ ಬಯಲು ಕಾಯುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ದಾಖಲಾದ ಅತಿ ಹೆಚ್ಚಿನ ಉಷ್ಣತೆ 44.5 ಡಿಗ್ರಿ ಸೆಲ್ಸಿಯಸ್ (ಬ್ರಯಿಲ ಬಳಿಯ ಬರಗಾನ್ ಬಯಲು, 1951ರ ಆಗಸ್ಟ್). ಅತಿ ಕಡಿಮೆಯದು ಸೊನ್ನೆಗಿಂತ 38.5 ಡಿಗ್ರಿ ಕೆಳಗೆ (ಬ್ರಶೊವ್ ಬಳಿಯ ಬೊದ್, 1942ರ ಜನವರಿ). ಬೊದ್ ಬೆಟ್ಟಗಳ ನಡುವಿನ ತಗ್ಗಿನಲ್ಲಿರುವುದರಿಂದ ಭಾರವಾದ ತಣ್ಣನೆಯ ಗಾಳಿ ಅಲ್ಲಿ ಇಳಿದು ಮಡುಗಟ್ಟುತ್ತದೆ. ಚಳಿಗಾಲದಲ್ಲಿ ಈಶಾನ್ಯದಿಂದ ಬೀಸುವ ಒಣ ಗಾಳಿಗೆ ಕ್ರಿವತ್ಸ್ ಎಂದು ಹೆಸರು. ತಡೆಯಿಲ್ಲದ ಬರಗಾನ್ ಬಯಲಿನಲ್ಲಿ ಅದು ಹಿಮವನ್ನು ಗುಡ್ಡೆ ಹಾಕಿ ರಸ್ತೆಗಳನ್ನು ಮುಚ್ಚುತ್ತದೆ. ಬೆಟ್ಟಗಳ ಮೇಲೆ ವರ್ಷಕ್ಕೆ 1,000 ಮಿಮೀಗೂ ಹೆಚ್ಚು ಮಳೆ-ಹಿಮ ಬಿದ್ದರೆ ಮುಖಜ ಭೂಮಿಯಲ್ಲಿ ಬೀಳುವುದು 400 ಮಿಮೀಗಿಂತ ಕಡಿಮೆ. ನೀರಿನಿಂದಲೇ ಆದ ಆ ಸೀಮೆ ಮಳೆಯ ಲೆಕ್ಕದಲ್ಲಿ ದೇಶದ ಅತ್ಯಂತ ಒಣ ಭಾಗ.

ನೆಲದ ಕಾಲುಭಾಗಕ್ಕಿಂತ ಹೆಚ್ಚು ಕಾಡು. ತಪ್ಪಲಲ್ಲಿ ಓಕ್, ಮೇಲೆ ಬೀಚ್, ಇನ್ನೂ ಮೇಲೆ ಸ್ಪ್ರೂಸ್ ಮರಗಳು. ಯೂರೋಪಿಯನ್ ಒಕ್ಕೂಟದ ದೇಶಗಳಲ್ಲಿ ಅತಿ ಹೆಚ್ಚು ಕಂದು ಕರಡಿಗಳಿರುವುದು ಇಲ್ಲಿಯ ಕಾರ್ಪೇಥಿಯನ್ ಕಾಡುಗಳಲ್ಲಿ. ತೋಳ ಮತ್ತು ಲಿಂಕ್ಸ್ ಕೂಡ ಉಳಿದುಕೊಂಡಿವೆ.

ತಪ್ಪಲಿನ ಪ್ಲೊಯೆಶ್ತ್ ನಗರದ ಸುತ್ತ ಪೆಟ್ರೋಲಿಯಂ ಇದೆ. 1857ರಲ್ಲಿ ಅಲ್ಲಿ ತೈಲ ಶುದ್ಧೀಕರಣ ಆರಂಭವಾಯಿತು. ಅದೇ ವರ್ಷ ಬುಕಾರೆಸ್ಟಿನ ಬೀದಿಗಳಲ್ಲಿ ಸೀಮೆಎಣ್ಣೆ ದೀಪಗಳು ಹತ್ತಿದವು. ಜಿಯು ನದಿಯ ಮೇಲ್ಕಣಿವೆ ಕಲ್ಲಿದ್ದಲಿನ ಸೀಮೆ. ಗಣಿಗಳು ಒಂದೊಂದಾಗಿ ಮುಚ್ಚುತ್ತ ಬಂದು ಅಲ್ಲಿಯ ಪಟ್ಟಣಗಳು ಜನರನ್ನು ಕಳೆದುಕೊಂಡಿವೆ.

ಚಾರಿತ್ರಿಕ ಪ್ರಾಂತಗಳು

ಕಾರ್ಪೇಥಿಯನ್ನಿನ ದಕ್ಷಿಣಕ್ಕೆ ವಲೇಕಿಯ, ಪೂರ್ವಕ್ಕೆ ಮಾಲ್ಡೇವಿಯ ಎಂಬ ಎರಡು ಸಂಸ್ಥಾನಗಳು 14ನೆಯ ಶತಮಾನದಲ್ಲಿ ರೂಪುಗೊಂಡವು. ಬಹುಕಾಲ ಇವು ಆಟೋಮನ್ ಸುಲ್ತಾನರಿಗೆ ಕಪ್ಪ ಕೊಡುತ್ತಿದ್ದವು. ವಲೇಕಿಯದಲ್ಲಿ ಒಲ್ತ್ ನದಿಯ ಪಶ್ಚಿಮದ ಭಾಗ ಒಲ್ತೇನಿಯ, ಪೂರ್ವದ ಭಾಗ ಮುಂತೇನಿಯ. ಮುಂತೇನಿಯ ಎಂದರೆ ಬೆಟ್ಟದ ನಾಡು. ಹೆಸರು ಹಾಗಿದ್ದರೂ ಅದರ ಬಹುಭಾಗ ಬಟ್ಟಬಯಲು. ಮಾಲ್ಡೇವಿಯದ ಪೂರ್ವಾರ್ಧವಾದ ಬೆಸರೇಬಿಯವನ್ನು 1812ರಲ್ಲಿ ರಷ್ಯ ಪಡೆಯಿತು. ವಾಯವ್ಯದ ಮೂಲೆಯಾದ ಬುಕೊವಿನ 1775ರಲ್ಲೇ ಹ್ಯಾಬ್ಸ್‌ಬರ್ಗ್ ದೊರೆಗಳ ಪಾಲಾಗಿತ್ತು. ಬುಕೊವಿನ ಎಂಬುದಕ್ಕೆ ಬೀಚ್ ಮರಗಳ ನಾಡು ಎಂದು ಅರ್ಥ.

ಪರ್ವತದ ಒಳಗಿನ ಟ್ರಾನ್ಸಿಲ್ವೇನಿಯ, ಅಂದರೆ ಕಾಡಿನಾಚೆಯ ನಾಡು, ಮೊದಲು ಹಂಗೇರಿ ರಾಜ್ಯಕ್ಕೂ ಅನಂತರ ಹ್ಯಾಬ್ಸ್‌ಬರ್ಗ್ ಸಾಮ್ರಾಜ್ಯಕ್ಕೂ ಸೇರಿತ್ತು. ಇಲ್ಲಿ ರೊಮೇನಿಯನ್ನರ ಜೊತೆ ಹಂಗೇರಿಯನ್ನರು ಮತ್ತು 12ನೆಯ ಶತಮಾನದಿಂದ ಬಂದು ನೆಲೆಸಿದ ಜರ್ಮನ್ ಭಾಷಿಕ ಸ್ಯಾಕ್ಸನ್ನರು ಬಾಳಿದರು. ಸ್ಯಾಕ್ಸನ್ನರು ಚರ್ಚಿನ ಸುತ್ತಲೇ ಕೋಟೆ ಕಟ್ಟಿಕೊಂಡ ಹಳ್ಳಿಗಳು ಇಂದಿಗೂ ಇವೆ. ಸ್ಯಾಕ್ಸನ್ನರಲ್ಲಿ ಬಹುಮಂದಿ ಮಾತ್ರ 20ನೆಯ ಶತಮಾನದ ಕೊನೆಯ ಹೊತ್ತಿಗೆ ಜರ್ಮನಿಗೆ ಹೊರಟುಹೋದರು. ಪಶ್ಚಿಮದ ಬನಾತ್ ಮತ್ತು ಕ್ರಿಶಾನ, ಉತ್ತರದ ಮರಮುರೆಶ್ ಇದರ ನೆರೆಯ ಪ್ರಾಂತಗಳು. ಮರಮುರೆಶ್ ಎತ್ತರದ ಗೋಪುರವುಳ್ಳ ಮರದ ಚರ್ಚುಗಳಿಗೆ ಹೆಸರಾಗಿದೆ.

ವಲೇಕಿಯ ಮತ್ತು ಮಾಲ್ಡೇವಿಯ 1859ರಲ್ಲಿ ಅಲೆಕ್ಸಾಂದ್ರು ಯೊವಾನ್ ಕೂಜಾನನ್ನು ಎರಡಕ್ಕೂ ದೊರೆಯಾಗಿ ಆರಿಸಿಕೊಂಡು ಒಂದಾದವು. 1878ರಲ್ಲಿ ಸ್ವಾತಂತ್ರ್ಯ ಮನ್ನಣೆ ಪಡೆದ ದೇಶಕ್ಕೆ ಉತ್ತರ ದೊಬ್ರೋಜ ಸೇರಿತು. ಮೊದಲ ಮಹಾಯುದ್ಧದ ಕೊನೆಗೆ, 1918ರಲ್ಲಿ, ಬೆಸರೇಬಿಯ, ಬುಕೊವಿನ, ಟ್ರಾನ್ಸಿಲ್ವೇನಿಯಗಳು ಕೂಡಿಕೊಂಡವು. ಟ್ರಾನ್ಸಿಲ್ವೇನಿಯದ ಕೂಡಿಕೆಯನ್ನು ಆಲ್ಬಾ ಯೂಲಿಯದಲ್ಲಿ ಘೋಷಿಸಿದ ಡಿಸೆಂಬರ್ 1 ಇಂದು ರಾಷ್ಟ್ರೀಯ ದಿನ. 1940ರಲ್ಲಿ ಬೆಸರೇಬಿಯ ಮತ್ತು ಉತ್ತರ ಬುಕೊವಿನ ಸೋವಿಯತ್ ಒಕ್ಕೂಟಕ್ಕೆ, ಉತ್ತರ ಟ್ರಾನ್ಸಿಲ್ವೇನಿಯ ಹಂಗೇರಿಗೆ, ದಕ್ಷಿಣ ದೊಬ್ರೋಜ ಬಲ್ಗೇರಿಯಕ್ಕೆ ಹೋದವು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅವುಗಳಲ್ಲಿ ಉತ್ತರ ಟ್ರಾನ್ಸಿಲ್ವೇನಿಯ ಮಾತ್ರ ಹಿಂದಕ್ಕೆ ಬಂತು.

ಈ ಪ್ರಾಂತಗಳಿಗೆ ಇಂದು ಆಡಳಿತದ ಯಾವ ಅಧಿಕಾರವೂ ಇಲ್ಲ. ಆದರೂ ಮಾತಿನ ಧಾಟಿ, ಅಡುಗೆ, ಮನೆ ಕಟ್ಟುವ ರೀತಿ, ಹವಾಮಾನ ವರದಿ, ಎಲ್ಲದರಲ್ಲೂ ಬಳಕೆಯಲ್ಲಿರುವುದು ಅವುಗಳ ಹೆಸರೇ.

ಆಡಳಿತ ವ್ಯವಸ್ಥೆ

ಸಂವಿಧಾನದ ಪ್ರಕಾರ ದೇಶದ ವಿಭಾಗಗಳು ಮೂರು ಬಗೆ: ಜಿಲ್ಲೆ, ಪಟ್ಟಣ, ಕೊಮೂನ. ಜಿಲ್ಲೆಗೆ ರೊಮೇನಿಯನ್ ಭಾಷೆಯ ಹೆಸರು ಜುದೆತ್ಸ್. ಇದು ನ್ಯಾಯತೀರ್ಪು ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು. ವಲೇಕಿಯದಲ್ಲಿ ದೊರೆಯ ಪರವಾಗಿ ನ್ಯಾಯ ಹೇಳಿ ತೆರಿಗೆ ಎತ್ತುವ ಅಧಿಕಾರಿಯ ವ್ಯಾಪ್ತಿಯೇ ಜಿಲ್ಲೆಯಾಗಿ ಬೆಳೆಯಿತು.

1925ರ ಕಾನೂನಿನಂತೆ ವಿಶಾಲ ರೊಮೇನಿಯದಲ್ಲಿ 71 ಜಿಲ್ಲೆಗಳಿದ್ದವು. ದೊರೆ ಎರಡನೆಯ ಕ್ಯಾರೊಲ್ 1938ರಲ್ಲಿ ಅವುಗಳ ಮೇಲೆ 10 ದೊಡ್ಡ ವಿಭಾಗಗಳನ್ನು ಹೇರಿದ. ಆ ವ್ಯವಸ್ಥೆ ಅವನ ಆಳ್ವಿಕೆಯೊಂದಿಗೇ ಮುಗಿಯಿತು. ಕಮ್ಯುನಿಸ್ಟ್ ಸರ್ಕಾರ 1950ರಲ್ಲಿ ಜಿಲ್ಲೆಗಳನ್ನೇ ರದ್ದು ಮಾಡಿ ಸೋವಿಯತ್ ಮಾದರಿಯಲ್ಲಿ 28 ವಲಯಗಳನ್ನು ರಚಿಸಿತು. 1952ರಲ್ಲಿ ಅವು 18ಕ್ಕೆ ಇಳಿದವು. ಹಂಗೇರಿಯನ್ನರು ಹೆಚ್ಚಾಗಿರುವ ಪೂರ್ವ ಟ್ರಾನ್ಸಿಲ್ವೇನಿಯದಲ್ಲಿ ಆಗ ಸ್ವಾಯತ್ತ ವಲಯವೊಂದನ್ನೂ ಮಾಡಲಾಯಿತು. 1960ರಲ್ಲಿ ಅದರ ಹೆಸರೂ ಗಡಿಯೂ ಬದಲಾದವು. ನಿಕೊಲಾಯ್ ಚಾಶೆಸ್ಕು ಅಧಿಕಾರಕ್ಕೆ ಬಂದ ಮೇಲೆ, 1968ರಲ್ಲಿ, ವಲಯಗಳು ಹೋಗಿ ಜಿಲ್ಲೆಗಳು ಮರಳಿದವು: 39 ಜಿಲ್ಲೆ ಮತ್ತು ಬುಕಾರೆಸ್ಟ್. 1981ರಲ್ಲಿ ರಾಜಧಾನಿಯ ಸುತ್ತಲಿನ ಗಡಿಗಳನ್ನು ತಿದ್ದಿ ಜುರ್ಜು, ಕಲರಾಶ್ ಜಿಲ್ಲೆಗಳನ್ನು ರಚಿಸಿದರು. ಇಲ್ಫೊವ್ ಆಗ ರಾಜಧಾನಿಗೆ ಅಂಟಿದ ಕೃಷಿ ವಿಭಾಗವಾಯಿತು. 1997ರಲ್ಲಿ ಪೂರ್ಣ ಜಿಲ್ಲೆಯ ಸ್ಥಾನ ಪಡೆಯಿತು. ಇಂದಿನ 41ರ ಲೆಕ್ಕ ಹೀಗೆ ಬಂತು.

ಪ್ರತಿ ಜಿಲ್ಲೆಯಲ್ಲಿ ಎರಡು ಅಧಿಕಾರ ಕೇಂದ್ರಗಳಿವೆ. ಜನರಿಂದ ನಾಲ್ಕು ವರ್ಷಕ್ಕೊಮ್ಮೆ ಆಯ್ಕೆಯಾಗುವ ಜಿಲ್ಲಾ ಪರಿಷತ್ತು ರಸ್ತೆ, ಆಸ್ಪತ್ರೆ, ಸಾಂಸ್ಕೃತಿಕ ಸಂಸ್ಥೆ ಮೊದಲಾದವನ್ನು ನೋಡಿಕೊಳ್ಳುತ್ತದೆ. ಸರ್ಕಾರ ನೇಮಿಸುವ ಪ್ರಿಫೆಕ್ಟ್ ಕೇಂದ್ರದ ಪ್ರತಿನಿಧಿ. ಪರಿಷತ್ತು ಅವನ ಕೈಕೆಳಗಿನದಲ್ಲ. ಆದರೆ ಅದರ ನಿರ್ಣಯ ಕಾನೂನಿಗೆ ವಿರುದ್ಧವೆನಿಸಿದರೆ ಪ್ರಿಫೆಕ್ಟ್ ನ್ಯಾಯಾಲಯಕ್ಕೆ ಹೋಗಬಹುದು. ಜಿಲ್ಲೆಗಳೊಳಗೆ ಸುಮಾರು 320 ಪಟ್ಟಣಗಳು ಮತ್ತು 2,860ರಷ್ಟು ಕೊಮೂನಗಳಿವೆ (ದೇಶದ ಒಟ್ಟು ಲೆಕ್ಕ). ದೊಡ್ಡ ಪಟ್ಟಣಗಳಿಗೆ ಮುನಿಸಿಪಾಲಿಟಿ ಎಂಬ ಮೇಲಿನ ದರ್ಜೆಯಿದೆ, ಅಂಥವು 103. ಕೊಮೂನ ಎಂದರೆ ಕೆಲವು ಹಳ್ಳಿಗಳ ಗುಂಪು. ಪ್ರತಿ ಪಟ್ಟಣಕ್ಕೂ ಕೊಮೂನಕ್ಕೂ ಚುನಾಯಿತ ಮೇಯರ್ ಮತ್ತು ಸ್ಥಳೀಯ ಪರಿಷತ್ತು ಇರುತ್ತದೆ. ಹಳ್ಳಿಗೆ ತನ್ನದೇ ಆದ ಆಡಳಿತ ಸಂಸ್ಥೆಯಿಲ್ಲ.

ಬುಕಾರೆಸ್ಟ್ ಯಾವ ಜಿಲ್ಲೆಗೂ ಸೇರಿಲ್ಲ. ನಗರ 6 ಸೆಕ್ಟರುಗಳಾಗಿ ಒಡೆದಿದೆ. ಹೋಳು ಮಾಡಿದ ದುಂಡು ರೊಟ್ಟಿಯಂತೆ ಅವು ನಡುವಿನಿಂದ ಅಂಚಿಗೆ ಅಗಲವಾಗುತ್ತ ಹೋಗುತ್ತವೆ. ಪ್ರತಿ ಸೆಕ್ಟರಿಗೊಬ್ಬ ಮೇಯರ್, ಇಡೀ ನಗರಕ್ಕೊಬ್ಬ ಮಹಾಮೇಯರ್. ನಗರವನ್ನು ಉಂಗುರದಂತೆ ಸುತ್ತಿರುವ ಇಲ್ಫೊವ್ ಜಿಲ್ಲೆಗಳಲ್ಲೆಲ್ಲ ಚಿಕ್ಕದು. ರಾಜಧಾನಿಯ ಜನ ಹೊರವಲಯಕ್ಕೆ ಮನೆ ಬದಲಿಸುತ್ತಿರುವುದರಿಂದ 2011ರಲ್ಲಿ 3.9 ಲಕ್ಷದಷ್ಟಿದ್ದ ಅದರ ಜನಸಂಖ್ಯೆ 2021ರಲ್ಲಿ 5.4 ಲಕ್ಷವಾಯಿತು. ದೇಶದ ಒಟ್ಟು ಚಿತ್ರ ಇದಕ್ಕೆ ವಿರುದ್ಧ: 1992ರಲ್ಲಿ 2.28 ಕೋಟಿಯಷ್ಟಿದ್ದ ಜನಸಂಖ್ಯೆ ವಲಸೆ ಮತ್ತು ಇಳಿದ ಜನನ ಪ್ರಮಾಣದಿಂದ 1.91 ಕೋಟಿಗೆ ಕುಗ್ಗಿದೆ.

ಅಭಿವೃದ್ಧಿ ವಲಯಗಳು ಮತ್ತು ಜಿಲ್ಲೆಗಳು

ಯೂರೋಪಿಯನ್ ಒಕ್ಕೂಟದ ನೆರವಿನ ಹಂಚಿಕೆಗಾಗಿ 1998ರಲ್ಲಿ ಜಿಲ್ಲೆಗಳನ್ನು 8 ಅಭಿವೃದ್ಧಿ ವಲಯಗಳಾಗಿ ಕೂಡಿಸಲಾಯಿತು. ಇವು ಯೋಜನೆ ಮತ್ತು ಅಂಕಿಅಂಶಗಳ ಅನುಕೂಲಕ್ಕೆ ಮಾತ್ರ. ಇವುಗಳಿಗೆ ಚುನಾಯಿತ ಸಭೆಯಾಗಲಿ ಸ್ವಂತ ತೆರಿಗೆಯಾಗಲಿ ಇಲ್ಲ.

ಈಶಾನ್ಯ ವಲಯ: ಸುಚ್ಯಾವ, ಬೊತೊಶಾನಿ, ಯಾಶ್, ನ್ಯಾಮ್ತ್ಸ್, ಬಕಾವ್, ವಸ್ಲುಯಿ. ಹಳೆಯ ಮಾಲ್ಡೇವಿಯದಲ್ಲಿ ಇಂದು ರೊಮೇನಿಯಕ್ಕೆ ಸೇರಿರುವ ಭಾಗದ ಬಹುಪಾಲು. ಯಾಶ್ ಆ ಸಂಸ್ಥಾನದ ರಾಜಧಾನಿಯಾಗಿತ್ತು. ಇಂದು ವಿಶ್ವವಿದ್ಯಾಲಯಗಳ ನಗರ. ಸುಚ್ಯಾವ ಜಿಲ್ಲೆಯ ಮಠಗಳ ಹೊರಗೋಡೆಗಳ ಮೇಲೆಲ್ಲ 15–16ನೆಯ ಶತಮಾನಗಳ ಧಾರ್ಮಿಕ ಚಿತ್ರಗಳಿವೆ.

ಆಗ್ನೇಯ ವಲಯ: ವ್ರಾಂಚ, ಬುಜಾವ್, ಗಲಾತ್ಸ್, ಬ್ರಯಿಲ, ತುಲ್ಚ, ಕಾನ್‌ಸ್ಟಾಂಟ್ಸ. ಮೂರು ಪ್ರಾಂತಗಳ ತುಣುಕುಗಳು ಇಲ್ಲಿ ಸೇರಿವೆ. ವ್ರಾಂಚದ ಕೇಂದ್ರ ಫೊಕ್ಶಾನಿ ಇದಕ್ಕೆ ಒಳ್ಳೆಯ ನಿದರ್ಶನ. ಮಿಲ್ಕೊವ್ ಎಂಬ ಸಣ್ಣ ನದಿ ಹಿಂದೆ ಮಾಲ್ಡೇವಿಯ ಮತ್ತು ವಲೇಕಿಯಗಳ ಗಡಿಯಾಗಿದ್ದು ಊರು ಎರಡು ಸಂಸ್ಥಾನಗಳಿಗೆ ಹಂಚಿಹೋಗಿತ್ತು. ಇಂದು ಎರಡು ದಂಡೆಗಳೂ ಒಂದೇ ಜಿಲ್ಲೆಯಲ್ಲಿವೆ. ಕಾನ್‌ಸ್ಟಾಂಟ್ಸ ದೇಶದ ಮುಖ್ಯ ಬಂದರು. ರೋಮನ್ ಕವಿ ಓವಿಡ್ ಗಡೀಪಾರಾಗಿ ಬಂದು ಸತ್ತ ತೋಮಿಸ್ ಇದೇ ಊರು. ತುರ್ಕಿ ಮತ್ತು ತಾತಾರ್ ಸಮುದಾಯಗಳು ದೊಬ್ರೋಜದಲ್ಲಿ ಉಳಿದಿವೆ.

ದಕ್ಷಿಣ-ಮುಂತೇನಿಯ ವಲಯ: ಅರ್ಜೆಶ್, ದಿಂಬೊವಿತ್ಸ, ಪ್ರಹೋವ, ತೆಲಿಯೊರ್ಮಾನ್, ಜುರ್ಜು, ಕಲರಾಶ್, ಯಲೊಮಿತ್ಸ. ಉತ್ತರದಲ್ಲಿ ತೈಲ ಮತ್ತು ಮೋಟಾರು ಕೈಗಾರಿಕೆ, ದಕ್ಷಿಣದಲ್ಲಿ ಬೇಸಾಯ. ದಾಚಿಯ ಕಾರುಗಳ ಕಾರ್ಖಾನೆ ಅರ್ಜೆಶ್ ಜಿಲ್ಲೆಯ ಮಿಯೊವೆನಿಯಲ್ಲಿದೆ.

ನೈಋತ್ಯ-ಒಲ್ತೇನಿಯ ವಲಯ: ದೊಲ್ಜ್, ಗೊರ್ಜ್, ಮೆಹೆದಿಂತ್ಸ್, ಒಲ್ತ್, ವಿಲ್ಚ. ಹಳೆಯ ಪ್ರಾಂತಕ್ಕೆ ಅತಿ ಹೆಚ್ಚು ಹೊಂದುವ ವಲಯ ಇದು. ಗೊರ್ಜ್ ಎಂದರೆ ಮೇಲಿನ ಜಿಯು, ದೊಲ್ಜ್ ಎಂದರೆ ಕೆಳಗಿನ ಜಿಯು. ಸ್ಲಾವ್ ಮೂಲದ ಈ ಹೆಸರುಗಳು ನದಿಯ ಹರಿವನ್ನೇ ಹೇಳುತ್ತವೆ. ಗೊರ್ಜ್‌ನ ಕೇಂದ್ರವಾದ ತಿರ್ಗು ಜಿಯುದಲ್ಲಿ ಶಿಲ್ಪಿ ಕಾನ್‌ಸ್ಟಂಟಿನ್ ಬ್ರಿಂಕೂಶ್ 1938ರಲ್ಲಿ ನಿಲ್ಲಿಸಿದ ಅನಂತ ಸ್ತಂಭವಿದೆ.

ಪಶ್ಚಿಮ ವಲಯ: ತಿಮಿಶ್, ಅರಾದ್, ಕರಾಶ್-ಸೆವೆರಿನ್, ಹುನೆದ್ವಾರ. ತಿಮಿಶ್ ವಿಸ್ತೀರ್ಣದಲ್ಲಿ ಅತಿ ದೊಡ್ಡ ಜಿಲ್ಲೆ (ಸುಮಾರು 8,700 ಚ.ಕಿಮೀ). 1989ರ ಡಿಸೆಂಬರಿನಲ್ಲಿ ಚಾಶೆಸ್ಕು ಆಡಳಿತವನ್ನು ಉರುಳಿಸಿದ ಬಂಡಾಯ ಆರಂಭವಾದದ್ದು ಅದರ ಕೇಂದ್ರವಾದ ತಿಮಿಶ್ವಾರ ನಗರದಲ್ಲಿ.

ವಾಯವ್ಯ ವಲಯ: ಬಿಹೋರ್, ಸತು ಮಾರೆ, ಮರಮುರೆಶ್, ಸಲಾಜ್, ಕ್ಲೂಜ್, ಬಿಸ್ತ್ರಿತ್ಸ-ನಸಾವುದ್. ಕ್ಲೂಜ್-ನಪೊಕ ಟ್ರಾನ್ಸಿಲ್ವೇನಿಯದ ಅತಿ ದೊಡ್ಡ ನಗರ. ಈಚಿನ ದಶಕಗಳಲ್ಲಿ ಸಾಫ್ಟ್‌ವೇರ್ ಉದ್ಯಮ ಅಲ್ಲಿ ಬೆಳೆದಿದೆ.

ಮಧ್ಯ ವಲಯ: ಆಲ್ಬಾ, ಸಿಬಿಯು, ಬ್ರಶೊವ್, ಮುರೆಶ್, ಹರ್ಗಿತ, ಕೊವಾಸ್ನ. ಕಾರ್ಪೇಥಿಯನ್ ಬಳೆಯ ಒಳಗಿನ ನಾಡು. ಹರ್ಗಿತ ಮತ್ತು ಕೊವಾಸ್ನ ಜಿಲ್ಲೆಗಳಲ್ಲಿ ಹಂಗೇರಿಯನ್ನರೇ ಬಹುಸಂಖ್ಯಾತರು. ದೇಶದಲ್ಲಿ ಅವರ ಒಟ್ಟು ಸಂಖ್ಯೆ ಸುಮಾರು 10 ಲಕ್ಷ. ಇಲ್ಲಿ ಊರಿನ ಫಲಕಗಳು ಎರಡು ಭಾಷೆಗಳಲ್ಲಿ ಇರುತ್ತವೆ.

ಬುಕಾರೆಸ್ಟ್-ಇಲ್ಫೊವ್ ವಲಯ: ವಿಸ್ತೀರ್ಣದಲ್ಲಿ ಅತಿ ಚಿಕ್ಕದು, ಆದಾಯದಲ್ಲಿ ಅತಿ ಮುಂದಿನದು. 2021ರಲ್ಲಿ ಬುಕಾರೆಸ್ಟಿನ ಜನಸಂಖ್ಯೆ ಸುಮಾರು 17 ಲಕ್ಷ. ಅನಂತರದ ಯಾವ ನಗರವೂ 3 ಲಕ್ಷ ಮುಟ್ಟಿರಲಿಲ್ಲ.

ಜಿಲ್ಲೆಗಳ ಹೆಸರುಗಳಲ್ಲಿ ನದಿಗಳಿಂದ ಬಂದವೇ ಬಹಳ: ಅರ್ಜೆಶ್, ಪ್ರಹೋವ, ಯಲೊಮಿತ್ಸ, ದಿಂಬೊವಿತ್ಸ, ಬುಜಾವ್, ತಿಮಿಶ್, ಸುಚ್ಯಾವ ಇತ್ಯಾದಿ. ಹೆಸರು ಕೊಟ್ಟ ನದಿ ಜಿಲ್ಲೆಯಲ್ಲೇ ಹುಟ್ಟಿರಬೇಕೆಂದಿಲ್ಲ, ಅಲ್ಲೇ ಮುಗಿಯಬೇಕೆಂದೂ ಇಲ್ಲ. ದಿಂಬೊವಿತ್ಸ ನದಿ ಪ್ರಸಿದ್ಧವಾಗಿರುವುದು ಆ ಹೆಸರಿನ ಜಿಲ್ಲೆಯಿಂದಲ್ಲ, ಬುಕಾರೆಸ್ಟಿನ ನಡುವೆ ಹರಿಯುವುದರಿಂದ.

ಸಣ್ಣ ಜಿಲ್ಲೆಗಳು ಹೆಚ್ಚು ಖರ್ಚಿನವು, ಅವನ್ನು ಕೂಡಿಸಿ ದೊಡ್ಡ ಘಟಕ ಮಾಡಬೇಕು ಎಂಬ ವಾದ ಆಗಾಗ ಏಳುತ್ತದೆ. 2011ರಲ್ಲಿ 8 ದೊಡ್ಡ ಜಿಲ್ಲೆಗಳ ಪ್ರಸ್ತಾಪ ಬಂತು. 2013ರಲ್ಲಿ ವಲಯಗಳಿಗೆ ಅಧಿಕಾರ ಕೊಡುವ ಇನ್ನೊಂದು ಯೋಜನೆ ಬಂತು. ಯಾವ ಊರು ಕೇಂದ್ರವಾಗಬೇಕು, ಹಂಗೇರಿಯನ್ನರು ಹೆಚ್ಚಿರುವ ಜಿಲ್ಲೆಗಳನ್ನು ಎಲ್ಲಿ ಸೇರಿಸಬೇಕು ಎಂಬ ಪ್ರಶ್ನೆಗಳಲ್ಲಿ ಎರಡೂ ಸಿಕ್ಕಿಬಿದ್ದವು. ಆದ್ದರಿಂದ 1968ರಲ್ಲಿ ಎಳೆದು ಮುಂದೆ ಅಲ್ಲಲ್ಲಿ ತಿದ್ದಿದ ಗಡಿಗಳೇ ಇಂದಿಗೂ ನಡೆಯುತ್ತಿವೆ. ವಾಹನಗಳ ನೋಂದಣಿ ಫಲಕದ ಮೇಲೂ ಮೊದಲು ಕಾಣುವುದು ಜಿಲ್ಲೆಯ ಗುರುತು: ಕ್ಲೂಜಿಗೆ ಸಿಜೆ, ಬ್ರಶೊವಿಗೆ ಬಿವಿ, ಹೀಗೆ 41 ಜಿಲ್ಲೆಗಳಿಗೆ ಎರಡೆರಡು ಅಕ್ಷರ, ಬುಕಾರೆಸ್ಟಿಗೆ ಮಾತ್ರ ಬಿ ಎಂಬ ಒಂದೇ ಅಕ್ಷರ.